ಮೇನ್ ಆಫ್ ಮಾಡಿದ ಮೇಲೂ ಮಿನುಗುತ್ತಿದ್ದ ಮೀಟರ್

ಊರವರ ಸುಟ್ಟ ಬೋರ್‌ವೆಲ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುತ್ತಾ ಮೂವತ್ತು ವರ್ಷ ಹೊಟ್ಟೆ ಹೊರೆದವನು ನಾನು. ಅಂಥವನ ಮನೆಗೇ 212 ಯೂನಿಟ್ ಬಿಲ್ ಬಂತು. ನಮ್ಮದು ತುಮಕೂರಿನಲ್ಲಿ ಕೆಳಗೆ ನಾವು, ಮೇಲೆ ಬಾಡಿಗೆಯವರು ಇರುವ ಮನೆ. ಮೀಟರ್ ಬೇರೆ ಬೇರೆ. ಗೃಹಜ್ಯೋತಿ ಬಂದಾಗ ನಮ್ಮ ಸರಾಸರಿ 130ರ ಆಸುಪಾಸು ಇತ್ತು. ಅದಕ್ಕೆ ಹತ್ತು ಪರ್ಸೆಂಟ್ ಸೇರಿ 143ರವರೆಗೆ ಸೊನ್ನೆ ಬಿಲ್. ವರ್ಷ ತುಂಬ ಹಾಗೇ ನಡೆಯಿತು. 2024ರ ಮಳೆಗಾಲ ಹಿಡಿದದ್ದೇ ತಡ, 165 ಆಯಿತು, 188 ಆಯಿತು, ಆಮೇಲೆ ಈ 212. ಇನ್ನೂರು ದಾಟಿದರೆ ಗೊತ್ತಲ್ಲ, ಮೊದಲ ಯೂನಿಟ್‌ನಿಂದಲೇ ಕಟ್ಟಬೇಕು. ಸಾವಿರದ ಏಳುನೂರು ಚಿಲ್ಲರೆ. ಹೆಂಡತಿ ಚೀಟಿಯನ್ನು ನನ್ನ ಊಟದ ತಟ್ಟೆ ಪಕ್ಕ ಇಟ್ಟಳು. ಒಂದು ಮಾತೂ ಆಡಲಿಲ್ಲ.

ಎಲ್ಲರ ಹಾಗೆ ನನಗೂ ಮೊದಲ ಅನುಮಾನ ಫ್ರಿಜ್ ಮೇಲೆ. ಬಾಗಿಲಿನ ರಬ್ಬರ್ ಸಡಿಲವಾಗಿತ್ತು, 850 ಕೊಟ್ಟು ಬದಲಿಸಿದೆ. ಏನೂ ಆಗಲಿಲ್ಲ. ಹಬ್ಬದ ಆಫರ್ ಇತ್ತು, ಹಳೇದು ಹೇಗೂ ಹದಿಮೂರು ವರ್ಷದ್ದು, ಹೊಸದನ್ನೇ ತಂದೆವು. 17,500. ಮುಂದಿನ ಬಿಲ್ಲು 203! ಹೊಸ ಫ್ರಿಜ್ ಉಳಿಸಿದ್ದು ತಿಂಗಳಿಗೆ ಒಂಬತ್ತು ಹತ್ತು ಯೂನಿಟ್. ಹಾಕಿದ ದುಡ್ಡು ವಾಪಸ್ ಬರುವಷ್ಟರಲ್ಲಿ ಅದಕ್ಕೂ ವಯಸ್ಸಾಗಿರುತ್ತೆ.

ಆಮೇಲೆ ಗೀಸರ್. ನಮ್ಮ ಕಡೆ ಬೋರ್ ನೀರು, ಬಿಚ್ಚಿ ನೋಡಿದರೆ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ. ಸಿಕ್ಕಿತು ಕಳ್ಳ ಅಂದುಕೊಂಡು 650 ಕೊಟ್ಟು ಕಾಯಿಲ್ ಹಾಕಿಸಿದೆ. ಕೂತು ಯೋಚಿಸಿದ್ದರೆ ಅದೂ ಉಳಿಯುತ್ತಿತ್ತು. ಸುಣ್ಣ ಕಟ್ಟಿದರೆ ಕಾಯಿಲ್ ಬೇಗ ಸುಡುತ್ತೆ, ನೀರು ಸ್ವಲ್ಪ ತಡವಾಗಿ ಕಾಯುತ್ತೆ, ಆದರೆ ಶಾಖ ನೀರು ಬಿಟ್ಟು ಇನ್ನೆಲ್ಲಿಗೆ ಹೋಗುತ್ತೆ? ಹದಿನೈದು ಲೀಟರ್ ಒಂದು ಸಲ ಕಾಯಲು ಅರ್ಧಕ್ಕಿಂತ ತುಸು ಹೆಚ್ಚು ಯೂನಿಟ್, ಹೊಸ ಕಾಯಿಲಿಗೂ ಅಷ್ಟೇ, ಹಳೇದಕ್ಕೂ ಅಷ್ಟೇ.

ಮೀಟರೇ ಸುಳ್ಳು ಹೇಳುತ್ತಿರಬೇಕು ಅಂತ ಫೀಸ್ ಕಟ್ಟಿ ಪರೀಕ್ಷೆ ಮಾಡಿಸಿದೆ. ಬಂದರು, ಲೋಡ್ ಕೊಟ್ಟು ನೋಡಿದರು, ಮೀಟರ್ ಸರಿ ಇದೆ ಅಂತ ಬರೆದುಕೊಟ್ಟು ಹೋದರು. ಮೀಟರ್ ನಿಜವಾಗಿಯೂ ಸರಿಯಾಗಿಯೇ ಇತ್ತು ಅನ್ನುವುದು ಈ ಕಥೆಯ ತಮಾಷೆ.

ಅಲ್ಲಿಂದ ಮೀಟರಿನ ಕೆಂಪು ಮಿಣುಕು ಎಣಿಸಲು ಕೂತೆ. ನಮ್ಮದರ ಮೇಲೆ 3200 ಇಂಪಲ್ಸ್ ಅಂತಿದೆ, ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ನೋಡಿ 1125ನ್ನು ಅದರಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತೆ. ನಿಮ್ಮದು 1600ರದ್ದಾದರೆ 2250 ಇಟ್ಟುಕೊಳ್ಳಿ. ಕ್ಲ್ಯಾಂಪ್ ಮೀಟರ್ ಇಟ್ಟುಕೊಂಡವನು ಇದನ್ನು ಎಣಿಸುತ್ತಾ ಕೂತಿದ್ದಾನೆ ಅಂತ ಅಂಗಡಿ ಹುಡುಗರು ನಕ್ಕರು. ನಗಲಿ. ಕ್ಲ್ಯಾಂಪ್ ಹೇಳುವುದು ತಂತಿಯಲ್ಲಿ ಏನು ಹರಿಯುತ್ತಿದೆ ಅಂತ. ದುಡ್ಡು ಕೇಳುವುದು ಮೀಟರ್ ತಾನೇ?

ರಾತ್ರಿಯೆಲ್ಲ ಎಣಿಸಲು ಒಂದು ಆಟಿಕೆ ಮಾಡಿದೆ. ಹಳೇ ಕ್ಯಾಲ್ಕುಲೇಟರಿನ ಈಕ್ವಲ್ ಗುಂಡಿಗೆ ಎರಡು ವೈರ್ ಬೆಸೆದು, ಒಂದು ಪ್ಲಸ್ ಒಂದು ಅಂತ ಒತ್ತಿಟ್ಟರೆ, ಆಮೇಲೆ ಮಿಣುಕಿಗೊಂದು ಈಕ್ವಲ್ ಬಿದ್ದು ತಾನೇ ಕೂಡುತ್ತಾ ಹೋಗುತ್ತೆ. ಮಿಣುಕು ನೋಡಲು ಆ ವೈರಿನ ತುದಿಗೆ ಮೊದಲು ಎಲ್‌ಡಿಆರ್ ಅನ್ನುವ ಬೆಳಕಿನ ಸೆನ್ಸರ್ ಹಾಕಿದ್ದೆ, ಬೇಗ ಬೇಗ ಮಿನುಗಿದರೆ ಅದಕ್ಕೆ ಹಿಡಿಯಲು ಆಗಲಿಲ್ಲ. ಅದಕ್ಕಿಂತ ಚುರುಕಾದ ಫೋಟೋಟ್ರಾನ್ಸಿಸ್ಟರ್ ಹಾಕಿ ಕಪ್ಪು ಟೇಪ್ ಸುತ್ತಿದ ಮೇಲೆ ಸರಿಹೋಯಿತು. ಎರಡು ಕ್ಯಾಲ್ಕುಲೇಟರ್ ಬಲಿಯಾದವು, ಒಂದು ಮಗನದು. ಇದರಿಂದ ಅಡ್ಡದಾರಿಯಲ್ಲಿ ತಿಳಿದದ್ದು: ಟಿವಿ ಆಫ್ ಮಾಡಿದರೂ ಸೆಟ್‌ಟಾಪ್ ಬಾಕ್ಸ್ ಹತ್ತು ವ್ಯಾಟ್ ಎಳೆಯುತ್ತಲೇ ಇರುತ್ತೆ, ತಿಂಗಳಿಗೆ ಏಳು ಯೂನಿಟ್. ಹಳೇ ಫ್ಯಾನ್ 75 ವ್ಯಾಟ್, ಮಗ ತಂದ, ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಬಿಎಲ್‌ಡಿಸಿ ಫ್ಯಾನ್ 28. ಆ ಫ್ಯಾನಿನ ಬಗ್ಗೆ ನಾನು ಒಳ್ಳೆ ಮಾತಾಡುವುದಿಲ್ಲ. ಸುಟ್ಟರೆ ಸುತ್ತಲು ನಮ್ಮ ಹತ್ತಿರ ಯಾರೂ ತರುವುದಿಲ್ಲ, ಬೋರ್ಡ್ ಹೋಯಿತು ಅಂತ ಬಿಸಾಡುತ್ತಾರೆ.

ಒಂದು ರಾತ್ರಿ ಎರಡು ಗಂಟೆಗೆ ಎದ್ದು ಮೇನ್ ಇಳಿಸಿ ನೋಡಿದೆ. ಮಿಣುಕು ನಿಂತಿತು. ಐದು ನಿಮಿಷ ಕಾದೆ, ಇಲ್ಲ. ಹಾಗಾದರೆ ವೈರಿಂಗಿನಲ್ಲಿ ಸೋರಿಕೆ ಇಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಮಲಗಿದೆ. ನನ್ನ ಎಲ್ಲ ತಪ್ಪುಗಳಲ್ಲಿ ದೊಡ್ಡದು ಇದು. ಫ್ರಿಜ್ ದುಡ್ಡಿಗಿಂತ ದೊಡ್ಡದು, ಏಕೆಂದರೆ ಇದರಿಂದ ಎರಡು ತಿಂಗಳು ಹಾಳಾಯಿತು.

ಸುಳಿವು ಸಿಕ್ಕಿದ್ದು ದೀಪಾವಳಿಗೆ. ಮೇಲಿನವರು ಊರಿಗೆ ಹೋಗಿ ಎಂಟೊಂಬತ್ತು ದಿನ ಇರಲಿಲ್ಲ. ನಮ್ಮ ಮನೆಯಲ್ಲಿ ನೆಂಟರು ತುಂಬಿದ್ದರು, ಗೀಸರ್ ಬಿಡುವಿಲ್ಲದೆ ಓಡುತ್ತಿತ್ತು, ಆದರೂ ನನ್ನ ಪುಸ್ತಕದಲ್ಲಿ ದಿನದ ಯೂನಿಟ್ ಇಳಿದಿತ್ತು. ಅವರು ವಾಪಸ್ ಬಂದ ಸಂಜೆ ಎಂಟು ಗಂಟೆಗೆ, ಮೇಲೆ ಚಪಾತಿ ವಾಸನೆ ಬರುತ್ತಿದ್ದಾಗ, ನಮ್ಮ ಯುಪಿಎಸ್ ಆಫ್ ಮಾಡಿ ಮೇನ್ ಇಳಿಸಿದೆ. ಕತ್ತಲೆ ಮನೆ. ಮೀಟರ್ ಸೆಕೆಂಡಿಗೊಂದರಂತೆ ಮಿನುಗುತ್ತಿತ್ತು! ಹತ್ತಿರಹತ್ತಿರ ಸಾವಿರ ವ್ಯಾಟ್, ಮೇನ್ ಆಫ್ ಇರುವ ಮನೆಯಲ್ಲಿ.

ಮೇನ್ ಅಂದರೆ ನಮ್ಮಲ್ಲಿ ಸಿಂಗಲ್ ಪೋಲ್ ಎಂಸಿಬಿ, ಕರೆಂಟ್ ತರುವ ಫೇಸ್ ಮಾತ್ರ ಕಡಿಯುತ್ತೆ, ವಾಪಸ್ ಒಯ್ಯುವ ನ್ಯೂಟ್ರಲ್ ಹಾಗೇ ಇರುತ್ತೆ. ನ್ಯೂಟ್ರಲ್‌ಗೆ ಕ್ಲ್ಯಾಂಪ್ ಹಾಕಿದೆ, 4.2 ಆಂಪ್ಸ್. ಮೆಟ್ಟಿಲ ಹತ್ತಿರ ನಿಂತು "ಅಮ್ಮಾ, ಇಂಡಕ್ಷನ್ ಒಂದ್ನಿಮಿಷ ಆಫ್ ಮಾಡಿ" ಅಂತ ಕೂಗಿದೆ. 0.3ಕ್ಕೆ ಇಳಿಯಿತು. "ಹಾಕಿ" ಅಂದೆ, 4.2. ಹೀಗೆ ನಾಲ್ಕು ಸಲ ಮಾಡಿಸಿದೆ. ಚಪಾತಿ ಸೀದಿರಬೇಕು.

ಮೇಲಿನವರ ಕರೆಂಟು ನಮ್ಮ ನ್ಯೂಟ್ರಲ್ಲಿನಲ್ಲಿ ಇಳಿದು ನಮ್ಮ ಮೀಟರ್ ಓಡಿಸುತ್ತಿದೆ ಅಂದೆ. ಭಾವಮೈದ ಎಂಜಿನಿಯರ್, ಒಪ್ಪಲಿಲ್ಲ. ಲೈನ್‌ಮ್ಯಾನ್ ಕೂಡ "ನ್ಯೂಟ್ರಲ್‌ಗೆಲ್ಲ ಮೀಟರ್ ಓಡಲ್ಲ ಸಾರ್" ಅಂದ. ಹಳೇ ಚಕ್ರದ ಮೀಟರ್ ಕಾಲದ ಮಾತು ಅದು. ಈಗಿನ ಬಹಳಷ್ಟು ಮೀಟರುಗಳು ಫೇಸು, ನ್ಯೂಟ್ರಲ್ಲು ಎರಡನ್ನೂ ಅಳೆದು, ಯಾವುದು ಜಾಸ್ತಿಯೋ ಅದನ್ನು ಲೆಕ್ಕ ಹಿಡಿಯುತ್ತವೆ. ಅರ್ತ್ ಹಾಕಿ ಕರೆಂಟ್ ಕದಿಯುವವರಿಗೆ ಅಂತ ಮಾಡಿದ್ದು. ಎರಡೂ ಸಮ ಇಲ್ಲದಿದ್ದರೆ ಇ.ಎಲ್. ಅಂತ ಬರೆದ ಇನ್ನೊಂದು ದೀಪ ಹತ್ತುತ್ತೆ. ಐದು ತಿಂಗಳು ಆ ದೀಪ ನನ್ನ ಕಣ್ಣೆದುರೇ ಉರಿಯುತ್ತಿತ್ತು, ಪವರ್ ದೀಪ ಅಂದುಕೊಂಡಿದ್ದೆ. ಭಾವಮೈದನಿಗೆ ಇದೆಲ್ಲ ಹೇಳಿದರೂ ತಲೆ ಅಲ್ಲಾಡಿಸಿದ. ಬಾಜಿ ಕಟ್ಟಿದೆವು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಎರಡೂ ಮನೆಯವರಿಗೆ.

ಕಾರಣ ನಾಚಿಕೆಯದು. ಜೂನ್‌ನಲ್ಲಿ ಮೇಲಿನ ಮನೆ ಹುಡುಗಿ ನೀಟ್‌ಗೆ ಎರಡನೇ ಸಲ ಓದುತ್ತಿದ್ದಳು. ಕರೆಂಟ್ ಹೋದರೆ ಇರಲಿ ಅಂತ ನಮ್ಮ ಯುಪಿಎಸ್‌ನಿಂದ ಒಂದು ಲೈಟು, ಒಂದು ಫ್ಯಾನಿಗೆ ಲೈನ್ ಕೊಡಿಸಿದ್ದೆ. ನಮ್ಮ ಅಂಗಡಿ ಹುಡುಗನೇ ಫೇಸು, ನ್ಯೂಟ್ರಲ್ಲು ಎರಡೂ ಎಳೆದು, ಮೇಲಿನ ಬೋರ್ಡಿನ ನ್ಯೂಟ್ರಲ್ ಗಂಟಿಗೆ ನಮ್ಮದನ್ನೂ ಸೇರಿಸಿ ಟೇಪ್ ಸುತ್ತಿದ್ದ. ಎರಡು ಮನೆಯ ನ್ಯೂಟ್ರಲ್ ಒಂದಾಯಿತು. ನಮ್ಮ ತಂತಿ ದಪ್ಪ, ಅವರ ವಾಪಸ್ ಕರೆಂಟಿನ ಅರ್ಧಕ್ಕಿಂತ ಹೆಚ್ಚು ನಮ್ಮ ದಾರಿ ಹಿಡಿದು ಇಳಿಯುತ್ತಿತ್ತು. ಅವರ ಮೀಟರ್ ಫೇಸ್ ನೋಡಿ ಅವರಿಗೆ ಪೂರ್ತಿ ಬಿಲ್ ಹಾಕಿತು, ನಮ್ಮದು ನ್ಯೂಟ್ರಲ್ ನೋಡಿ ನಮಗೂ ಹಾಕಿತು. ಒಂದೇ ಚಪಾತಿಗೆ ಎರಡು ಬಿಲ್.

ಇನ್ನೊಂದು ಒಪ್ಪಿಕೊಳ್ಳಬೇಕು. ಲೈನ್ ಕೊಟ್ಟ ವಾರದಲ್ಲೇ ನಮ್ಮ ಆರ್‌ಸಿಸಿಬಿ, ಅಂದರೆ ಹೋದ ಕರೆಂಟು ಬಂದ ಕರೆಂಟು ಸಮ ಇಲ್ಲದಿದ್ದರೆ ತಾನೇ ಆಫ್ ಆಗುವ ಸ್ವಿಚ್ಚು, ನಿಲ್ಲದೆ ಬೀಳತೊಡಗಿತ್ತು. ಮಳೆ, ಗೋಡೆ ತೇವ ಅಂತ ಅದನ್ನು ಬೈಪಾಸ್ ಮಾಡಿದವನು ಸಾಕ್ಷಾತ್ ನಾನೇ. ಅದು ಮೊದಲ ದಿನವೇ ಹೇಳಿದ್ದನ್ನು ಕಂಡುಹಿಡಿಯಲು ನನಗೆ ಇಪ್ಪತ್ತು ಸಾವಿರ ಬೇಕಾಯಿತು.

ಗಂಟು ಯಾವ ಬೋರ್ಡಿನಲ್ಲಿದೆ ಅಂತ ಒಂದು ಸ್ಕ್ರೂ ಬಿಚ್ಚದೆ ಹುಡುಕಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಈಗ ಬೇರೆಯವರ ಮನೆಗೂ ಕರೆಯುತ್ತಾರೆ, 800 ತಗೊಳ್ಳುತ್ತೇನೆ. ಫೇಸು, ನ್ಯೂಟ್ರಲ್ಲು ಎರಡನ್ನೂ ಕ್ಲ್ಯಾಂಪಿನ ಬಾಯಿಗೆ ಒಟ್ಟಿಗೆ ಹಾಕಿದರೆ ಸೊನ್ನೆ ಬರಬೇಕು, ಅಷ್ಟು ನೀವೇ ಮಾಡಿಕೊಳ್ಳಬಹುದು. ಮೇಲಿನವರ ಒಲೆ ಉರಿಯುವಾಗ ಮಾಡಿ, ರಾತ್ರಿ ಎರಡಕ್ಕಲ್ಲ.

ಗಂಟು ಬಿಚ್ಚಿ, ಆ ಲೈಟು ಫ್ಯಾನಿನ ನ್ಯೂಟ್ರಲ್ ಬೇರೆ ಮಾಡಿ, ಡಬಲ್ ಪೋಲ್ ಮೇನ್ ಹಾಕಿದೆ. ತಂತಿ ಸೇರಿ ಸಾವಿರದ ಒಳಗೆ. ಆರ್‌ಸಿಸಿಬಿ ವಾಪಸ್ ಹಾಕಿದೆ, ನಿಂತಿತು. ಹೆಚ್ಚು ಕಟ್ಟಿದ ದುಡ್ಡು ಕೇಳಲು ಹೋದರೆ, ಮನೆಯೊಳಗಿನ ವೈರಿಂಗ್ ನಿಮ್ಮ ಜವಾಬ್ದಾರಿ ಅಂದರು. ಜಗಳ ಆಡುವ ಮುಖ ನನಗಿರಲಿಲ್ಲ.

ಮುಂದಿನ ಬಿಲ್ 124, ಸೊನ್ನೆ ರೂಪಾಯಿ. ಭಾವಮೈದ ಇಡ್ಲಿ ಕೊಡಿಸಿದ. ಕೈ ತೊಳೆಯುತ್ತಾ, "ಚಳಿಗಾಲ ಭಾವ, ಫ್ಯಾನ್ ಓಡಿಲ್ಲ, ಅದಕ್ಕೆ ಕಮ್ಮಿ ಬಂದಿದೆ" ಅಂದ.