ಕೊತಿ ಅಂದ್ರೆ ಮನೆ: ಫಿನ್ಲೆಂಡಿಗೆ ಹೊಸದಾಗಿ ಬಂದವರಿಗೆ ದಿನಬಳಕೆಯ ಫಿನ್ನಿಶ್

ಇಲ್ಲಿಗೆ ಬರುವ ಮುಂಚೆ ಎಲ್ಲರೂ ಹೇಳಿಯೇ ಕಳಿಸಿರುತ್ತಾರೆ, ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಚಿಂತೆ ಬೇಡ ಅಂತ. ಸುಳ್ಳೇನಲ್ಲ. ಕ್ಲಾಸಲ್ಲಿ, ಬ್ಯಾಂಕಲ್ಲಿ ಇಂಗ್ಲಿಷಿನಲ್ಲೇ ಕೆಲಸ ಆಗುತ್ತದೆ. ಆದರೆ ಹಾಲಿನ ಪ್ಯಾಕೆಟ್ಟಿಗೆ ಇಂಗ್ಲಿಷ್ ಬರುವುದಿಲ್ಲ! ಅದರ ಮೇಲೆ ಇರುವುದು ಫಿನ್ನಿಶ್ ಮತ್ತು ಸ್ವೀಡಿಶ್, ಈ ದೇಶದ ರಾಷ್ಟ್ರಭಾಷೆಗಳು ಅವೆರಡೇ. ಇಲ್ಲಿನ ನಮ್ಮ ಕನ್ನಡ ಸಂಘದ ಅರ್ಧ ಜನ ಬಂದ ಮೊದಲ ವಾರ ಹಾಲು ಅಂತ ಪೀಮ್ಯಾ ತಂದು ಕಾಫಿಗೆ ಹಾಕಿದವರೇ. ಪೀಮ್ಯಾ ಅಂದರೆ ಹುಳಿ ಮಜ್ಜಿಗೆ. ಕಾಫಿ ಹಾಳಾಯಿತು, ಆದರೆ ಉಪ್ಪು, ಕೊತ್ತಂಬರಿ ಹಾಕಿ ಕುಡಿದರೆ ಊರಿನ ನೆನಪು ಬರುತ್ತದೆ, ಅದು ಬೇರೆ ಮಾತು.

ನಾವು ಹೇಳುವುದು ಒಂದೇ. ಫಿನ್ನಿಶನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. 15 ವಿಭಕ್ತಿ ಇದೆಯಂತೆ ಅಂತ ಬೇರೆ ದೇಶದ ಗೆಳೆಯರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಮಗೇನು ಹೊಸದು? ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಅಂತ ಬಾಯಿಪಾಠ ಮಾಡಿಯೇ ಬಂದಿದ್ದೇವೆ.

ಮೊದಲು ಕಿವಿ. ಹೊಸ ಪದಗಳನ್ನು ಒಂದು ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲಿ ಹ್ರಸ್ವ, ದೀರ್ಘ, ಒತ್ತಕ್ಷರ ಬದಲಾದರೆ ಅರ್ಥವೇ ಬದಲು. ತುಲಿ ಅಂದರೆ ಬೆಂಕಿ, ತೂಲಿ ಅಂದರೆ ಗಾಳಿ, ತುಲ್ಲಿ ಅಂದರೆ ಸುಂಕದ ಕಚೇರಿ. 'ತಪಾನ್ ಸಿನುತ್' ಅಂದರೆ ನಿನ್ನನ್ನು ಭೇಟಿ ಮಾಡ್ತೀನಿ. ದೀರ್ಘ ಮರೆತು 'ತಪನ್ ಸಿನುತ್' ಅಂದಿರೋ, ನಿನ್ನನ್ನು ಕೊಲ್ತೀನಿ ಅಂತಾಯಿತು. ಕೊತಿ ಅಂದರೆ ಮನೆ, ಎಳೆದು ಕೋತಿ ಅಂದರೆ ನಮಗಷ್ಟೇ ನಗು. ಇಂಗ್ಲಿಷಿನವರಿಗೆ ಇದು ತಿಂಗಳುಗಟ್ಟಲೆ ಕಷ್ಟ, ನಮಗೆ ಹುಟ್ಟಿನಿಂದ ಬಂದದ್ದು. ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ. ಬರೆದಂತೆಯೇ ಓದುತ್ತಾರೆ. ಜೆ ಕಂಡರೆ ಯ ಅನ್ನಿ, ಹಾಗಾಗಿ ರೈಲು 'ಯುನ'. ಎ ಮೇಲೆ ಎರಡು ಚುಕ್ಕಿ ಇದ್ದರೆ ಬ್ಯಾಂಕಿನ 'ಬ್ಯಾ' ಥರ ಬಾಯಿ ಬಿಡಿ. ವೈ ಸ್ವರ ನಮ್ಮಲ್ಲಿ ಇಲ್ಲ: ತುಟಿಯನ್ನು ಉ ಅನ್ನುವ ಹಾಗೆ ಸುತ್ತಿ, ಬಾಯೊಳಗೆ ಇ ಅನ್ನಬೇಕು. ಕನ್ನಡಿ ಮುಂದೆ ನಿಂತು ಮಾಡಿ, ಯಾರೂ ನೋಡದಿದ್ದಾಗ.

ಇನ್ನು ವ್ಯಾಕರಣ. ನಾವು ಇಂಗ್ಲಿಷ್ ಪದಕ್ಕೆ ಉ ಸೇರಿಸುತ್ತೇವೆ, ಇವರು ಇ ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಬಸ್ಸು ಬುಸ್ಸಿ, ಬ್ಯಾಂಕು ಪಂಕ್ಕಿ, ಕಾರ್ಡು ಕೊರ್ತ್ತಿ, ಪೋಸ್ಟು ಪೊಸ್ತಿ. ಬಸ್ಸಲ್ಲಿ ಅಂದರೆ ಬುಸ್ಸಿಸ್ಸ, ಬಸ್ಸಿಂದ ಅಂದರೆ ಬುಸ್ಸಿಸ್ತ, ಬಸ್ಸಿಗೆ ಹತ್ತುವಾಗ ಬುಸ್ಸೀನ್. ಪ್ರಶ್ನೆ ಕೇಳಲು ನಾವು ಕೊನೆಗೆ ಆ ಸೇರಿಸಿದ ಹಾಗೆ ಇವರು ಕೊ ಸೇರಿಸುತ್ತಾರೆ: 'ಒನ್' ಅಂದರೆ ಇದೆ, 'ಒಂಕೊ' ಅಂದರೆ ಇದೆಯಾ. ನಾನು ಮಿನ್ಯಾ, ನಾನೂ ಅಂದರೆ ಮಿನ್ಯಾಕಿನ್. 'ನನ್ನ ಹತ್ತಿರ ಇದೆ' ಅನ್ನುವುದು 'ಮಿನುಲ್ಲ ಒನ್'. ಗಮನಿಸಿದಿರಾ? ಇಂಗ್ಲಿಷಿನ ಥರ 'ಹೊಂದಿದ್ದೇನೆ' ಅನ್ನುವ ಗೋಜೇ ಇಲ್ಲ. ಎರಡು ಭಾಷೆಗಳಿಗೆ ನೆಂಟಸ್ತಿಕೆ ಇದೆ ಅಂತ ಹೇಳುತ್ತಿಲ್ಲ, ಸುಮ್ನೆ ಕಟ್ಟುವ ರೀತಿ ಒಂದೇ.

ಆದೇಶಸಂಧಿ ನೆನಪಿದೆಯಾ? ಮಳೆ ಮತ್ತು ಕಾಲ ಸೇರಿ ಮಳೆಗಾಲ, ಕ ಹೋಗಿ ಗ. ಇಲ್ಲೂ ಪದದ ನಡುವಿನ ಕ, ತ, ಪಗಳು ಪ್ರತ್ಯಯ ಸೇರಿದಾಗ ಮೆತ್ತಗಾಗುತ್ತವೆ. ಹೆಲ್ಸಿಂಕಿ, ಆದರೆ ಹೆಲ್ಸಿಂಕಿಯಲ್ಲಿ ಅಂದರೆ ಹೆಲ್ಸಿಂಗಿಸ್ಸ್ಯಾ. ಬೀದಿ ಕತು, ಬೀದಿಯಲ್ಲಿ ಕದುಲ್ಲ. ನಿಯಮ ಪೂರ್ತಿ ಕಲಿಯಲು ಕೂರಬೇಡಿ, ಕಿವಿಗೆ ಬಿದ್ದಾಗ 'ಓ ಅದೇ ಪದ' ಅಂತ ಗುರುತು ಸಿಕ್ಕರೆ ಸಾಕು.

ಈಗ ಅಂಗಡಿ. ಗಲ್ಲಾದಲ್ಲಿ ಮಾತು ದಿನಾ ಒಂದೇ. 'ಮೊಯ್' ಅನ್ನುತ್ತಾರೆ, ನೀವೂ 'ಮೊಯ್' ಅನ್ನಿ. ಆಮೇಲೆ 'ಒಂಕೊ' ಅಂತ ಶುರುವಾಗಿ 'ಕೊರ್ತ್ತಿಯ' ಅಂತ ಮುಗಿದರೆ ಅಂಗಡಿಯ ಕಾರ್ಡ್ ಇದೆಯಾ ಅಂತ ಕೇಳುತ್ತಿದ್ದಾರೆ. ಇಲ್ಲದಿದ್ದರೆ 'ಎಯ್ ಒಲೆ'. ಕೊನೆಗೆ 'ಕುಯ್ತ್ತಿ?' ಅಂದರೆ ರಸೀದಿ ಬೇಕಾ ಅಂತ. ಬೇಡವಾದರೆ 'ಎಯ್ ಕೀತೊಸ್', ಬೇಡ, ಥ್ಯಾಂಕ್ಸ್ ಅಂತ. ಇಷ್ಟಕ್ಕೆ ಆರು ತಿಂಗಳ ವ್ಯಾಪಾರ ನಡೆಯುತ್ತದೆ. ಇಂಗ್ಲಿಷಿನ ಪ್ಲೀಸಿಗೆ ಇವರಲ್ಲಿ ಬೇರೆ ಪದವಿಲ್ಲ, ಕೀತೊಸ್ಸೇ ಆ ಕೆಲಸವನ್ನೂ ಮಾಡುತ್ತದೆ. ನಾವೂ ಮನೆಯಲ್ಲಿ 'ದಯವಿಟ್ಟು ಉಪ್ಪು ಕೊಡು' ಅನ್ನುವುದಿಲ್ಲವಲ್ಲ.

ಪ್ಯಾಕೆಟ್ ಓದಲು ಒಂದು ಕೀಲಿ ಇದೆ. ಪದದ ಕೊನೆಗೆ 'ತೊನ್' ಕಂಡರೆ 'ಇಲ್ಲದ' ಅಂತ ಅರ್ಥ. ರಸ್ವತೊನ್ ಅಂದರೆ ಕೊಬ್ಬಿಲ್ಲದ್ದು, ಸೊಕೆರಿತೊನ್ ಅಂದರೆ ಸಕ್ಕರೆ ಇಲ್ಲದ್ದು. ಮೊಸರು ಬೇಕಾದರೆ 'ಮೌಸ್ತಮತೊನ್ ಯೊಗುರ್ತ್ತಿ' ಹುಡುಕಿ, ರುಚಿ ಬೆರೆಸಿಲ್ಲದ್ದು. ಇದನ್ನು ನೋಡದೆ ತಂದು ವೆನಿಲಾ ಮೊಸರನ್ನ ತಿಂದವರು ನಮ್ಮಲ್ಲೇ ಇದ್ದಾರೆ. ಉಪ್ಪಿಟ್ಟಿಗೆ 'ಮನ್ನಸೂರಿಮೊ' ತನ್ನಿ, ಚೆನ್ನಾಗಿ ಹುರಿದರೆ ನಡೆಯುತ್ತದೆ. ಕರಿಬೇವು, ಬೇಳೆ ಬೇಕಿದ್ದರೆ ಹೆಲ್ಸಿಂಕಿಯಲ್ಲಿ ಇರುವವರು ಹಕನಿಯೆಮಿ ಕಡೆಯ ಏಷ್ಯಾ ಅಂಗಡಿಗಳಿಗೆ ಹೋಗುತ್ತಾರೆ.

ಸಸ್ಯಾಹಾರಿಗಳು ಈ ಪದಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಿ. ಲಿಹ ಅಂದರೆ ಮಾಂಸ, ನೌತ ದನದ್ದು, ಸಿಕ ಅಥವಾ ಪೊಸ್ಸು ಹಂದಿಯದ್ದು, ಕನ ಕೋಳಿ, ಕಲ ಮೀನು. ಕನನ್‌ಮುನ ಅಂದರೆ ಕೋಳಿಯ ಮೊಟ್ಟೆ, ಷಷ್ಠಿ ವಿಭಕ್ತಿಯೂ ಬಂತು ನೋಡಿ. ಮಿಠಾಯಿಯಲ್ಲಿ ಲೀವತೆ ಇದೆಯಾ ನೋಡಿ, ಅದು ಜೆಲಟಿನ್. ಯೂನಿವರ್ಸಿಟಿ ಊಟದ ಮನೆಯಲ್ಲಿ 'ಕಸ್ವಿಸ್' ಅಂತ ಇದ್ದರೆ ತರಕಾರಿ ಊಟ. ಖಾಲಿ ಬಾಟಲಿ ಬಿಸಾಡಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 'ಪಂತ್ತಿ', ಅಂದರೆ ಬಾಟಲಿಗೆ ಕೊಟ್ಟ ಠೇವಣಿ, ವಾಪಸ್ ಬರುತ್ತದೆ, ಕ್ಯಾನಿಗೆ 15 ಸೆಂಟು, ಒಂದು ಲೀಟರಿಗಿಂತ ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ 40.

ಬಾಗಿಲ ಮೇಲೆ 'ವೆದ್ಯಾ' ಇದ್ದರೆ ಎಳೆಯಿರಿ, 'ತ್ಯೊನ್ನ್ಯಾ' ಇದ್ದರೆ ತಳ್ಳಿ. ಔಕಿ ತೆರೆದಿದೆ, ಕೀನ್ನಿ ಮುಚ್ಚಿದೆ. ಕಸದ ಕೋಣೆಯಲ್ಲಿ ಬಿಯೊ ಹಸಿ ಕಸ, ಮುವೊವಿ ಪ್ಲಾಸ್ಟಿಕ್, ಲಸಿ ಗಾಜು (ಕುಡಿಯುವ ಲಸ್ಸಿ ಅಲ್ಲ), ಉಳಿದದ್ದೆಲ್ಲ ಸೆಕಯ್ಯಾತೆ.

ಮಕ್ಕಳಿರುವವರಿಗೆ ನಿಜವಾದ ಫಿನ್ನಿಶ್ ಕ್ಲಾಸು ಅಂದರೆ ಪ್ಯಾಯ್ವ್ಯಾಕೊತಿ, ಅಂದರೆ ಹಗಲು ಮನೆ, ನಮ್ಮ ಶಿಶುವಿಹಾರ. ಮಳೆ ಬಂದರೂ ಹಿಮ ಬಿದ್ದರೂ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ, ಹಾಗಾಗಿ ಅಲ್ಲಿಂದ ಬರುವ ಚೀಟಿಗಳೆಲ್ಲ ಬಟ್ಟೆಯ ಬಗ್ಗೆಯೇ. ಕುರಹೌಸುತ್ ಅಂದರೆ ಕೆಸರಿನ ಪ್ಯಾಂಟು, ಲಪಸೆತ್ ಕೈಗವಸು, ವಯ್ಹ್ತೊವಾತ್ತೇತ್ ಬದಲಿ ಬಟ್ಟೆ. ಕೊನೆಯ ತ್ ನಮ್ಮ 'ಗಳು'. ಎಲ್ಲದರ ಮೇಲೂ ಮಗುವಿನ ಹೆಸರು ಬರೆಯಿರಿ. ಸಂಜೆ ಕರೆತರಲು ಹೋದಾಗ 'ಸೊಯ್ ಹುವಿನ್, ನುಕ್ಕುಯ್ ಹುವಿನ್' ಅನ್ನುತ್ತಾರೆ. ಚೆನ್ನಾಗಿ ತಿಂದಿತು, ಚೆನ್ನಾಗಿ ಮಲಗಿತು ಅಂತ. ಅಷ್ಟು ಅರ್ಥವಾದ ದಿನ ಎಷ್ಟು ಸಮಾಧಾನ ಗೊತ್ತಾ! ಇನ್ನು ಕೆಲವೇ ತಿಂಗಳಲ್ಲಿ ಮಗು ನಿಮ್ಮ ಉಚ್ಚಾರ ತಿದ್ದಲು ಶುರುಮಾಡುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಗೊಂದಲಕ್ಕೆ ತಯಾರಾಗಿರಿ. ಕೋರ್ಸಿನಲ್ಲಿ 'ಮಿನ್ಯಾ ಒಲೆನ್' ಕಲಿಸುತ್ತಾರೆ, ಬೀದಿಯಲ್ಲಿ 'ಮ್ಯಾ ಓನ್' ಅನ್ನುತ್ತಾರೆ. ಮೋಸವಲ್ಲ, ನಾವು 'ಬರುತ್ತೇನೆ' ಅಂತ ಬರೆದು 'ಬರ್ತೀನಿ' ಅನ್ನುವುದಿಲ್ಲವಾ? ಇನ್ನೊಂದು, ಇಲ್ಲಿ ಪ್ರೊಫೆಸರನ್ನೂ ಹೆಸರು ಹಿಡಿದು, ನೀನು ಅಂತಲೇ ಮಾತಾಡಿಸುತ್ತಾರೆ. ಸರ್ ಅನ್ನದೆ ಬಾಯಿ ತಡೆಯುತ್ತದೆ, ಅಭ್ಯಾಸ ಆಗುತ್ತದೆ ಬಿಡಿ. ಆದರೆ ದೊಡ್ಡ ಹೆಂಗಸರು ಕೇಳುವಂತೆ 'ಅಕ್ಕಾ' ಅಂತ ಕೂಗಬೇಡಿ. ಅಕ್ಕ ಅಂದರೆ ಇವರಲ್ಲಿ ಮುದುಕಿ ಅನ್ನುವ ಒರಟು ಮಾತು.

ಮಾತಾಡಲು ಹೋದರೆ ಅವರೇ ಇಂಗ್ಲಿಷಿಗೆ ಜಾರುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆಗ 'ವೊಯ್ದಾಂಕೊ ಪುಹುವ ಸುವೊಮೆಯ?' ಅನ್ನಿ, ಫಿನ್ನಿಶಲ್ಲೇ ಮಾತಾಡೋಣವಾ ಅಂತ. ವೇಗ ಜಾಸ್ತಿಯಾದರೆ 'ಹಿತಾಸ್ತಿ', ನಿಧಾನ. ಲೈಬ್ರರಿಗಳಲ್ಲಿ ಭಾಷಾ ಕೆಫೆ ನಡೆಯುತ್ತವೆ, ದುಡ್ಡಿಲ್ಲ, ತಪ್ಪು ಮಾತಾಡಿದರೂ ನಗುವವರಿಲ್ಲ. ಯುಲೆ ಪ್ರಸಾರ ಸಂಸ್ಥೆ ಸರಳ ಫಿನ್ನಿಶಿನಲ್ಲಿ ಸುದ್ದಿ ಓದುತ್ತದೆ, ಅಡುಗೆ ಮಾಡುತ್ತಾ ಕೇಳಿ. ಓದಲು ಬಂದವರಿಗೆ ಕಾಲೇಜಿನ ಕೋರ್ಸ್ ಇರುತ್ತದೆ, ಜೊತೆಗೆ ಬಂದ ಗಂಡ ಅಥವಾ ಹೆಂಡತಿ ಮನೆಯಲ್ಲೇ ಉಳಿದುಬಿಡುತ್ತಾರೆ, ಅದು ನಮಗೆ ಬೇಸರದ ವಿಷಯ. ಅವರು ತಮ್ಮ ಊರಿನ ಉದ್ಯೋಗ ಸೇವೆಯಲ್ಲಿ ವಿಚಾರಿಸಲಿ, 2025ರ ಜನವರಿಯಿಂದ ಆ ಕೆಲಸ ಪುರಸಭೆಗಳ ಕೈಯಲ್ಲಿದೆ. ಮುಂದೆ ಪೌರತ್ವ ಬೇಕೆಂದರೆ ಯುಕಿ ಅನ್ನುವ ಭಾಷಾ ಪರೀಕ್ಷೆಯಲ್ಲಿ 3ನೇ ಮಟ್ಟ ಬೇಕಾಗುತ್ತದೆ, ಈಗಲೇ ತಲೆಬಿಸಿ ಬೇಡ.

ಆರೋಗ್ಯಕ್ಕೆ ಎರಡು ನಂಬರ್ ಫ್ರಿಜ್ ಮೇಲೆ ಅಂಟಿಸಿ. ಜೀವಕ್ಕೆ ಅಪಾಯವಿದ್ದರೆ 112. ರಾತ್ರಿ ಮಗುವಿಗೆ ಜ್ವರ, ತುರ್ತು ವಿಭಾಗಕ್ಕೆ ಹೋಗಬೇಕಾ ಬೇಡವಾ ಗೊತ್ತಾಗುತ್ತಿಲ್ಲ ಅಂದರೆ 116117. ಜ್ವರ ಅಂದರೆ ಕೂಮೆ. ನೋವಿರುವ ಕಡೆ ಬೆರಳಿಟ್ಟು 'ತ್ಯಾಹ್ಯಾನ್ ಸತ್ತೂ' ಅನ್ನಿ. ಸತ್ತೂ ಅಂದರೆ ನೋಯುತ್ತಿದೆ ಅಂತ ಅಷ್ಟೇ, ಊರಿಗೆ ಫೋನ್ ಮಾಡಿದಾಗ ಮಾತ್ರ ಅಮ್ಮನಿಗೆ ಕೇಳಿಸದಂತೆ ಹೇಳಿ.

ಕೊನೆಯದಾಗಿ, ಜನಸಂಖ್ಯಾ ನೋಂದಣಿಗೆ ಡಿವಿವಿ ಕಚೇರಿಗೆ ಹೋದಾಗ ಫಾರ್ಮಿನಲ್ಲಿ 'ಆ್ಯಯ್ದಿನ್‌ಕಿಯೆಲಿ' ಅಂತ ಒಂದು ಜಾಗ ಇರುತ್ತದೆ. ಬಿಡಿಸಿ ಓದಿದರೆ ತಾಯಿಯ ನುಡಿ. ಅಲ್ಲಿ ಇಂಗ್ಲಿಷ್, ಹಿಂದಿ ಅಂತ ಬರೆಯಬೇಡಿ, ಕನ್ನಡ ಅಂತಲೇ ಬರೆಯಿರಿ. ಅವರು ಟೈಪ್ ಮಾಡಿದ ಮೇಲೆ ನ ಒತ್ತು ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಒಂದೇ ನ ಇದ್ದರೆ ಇವರ ಭಾಷೆಯಲ್ಲಿ ಅದು ಕೆನಡಾ.