ಶೇ 30ರ ನಷ್ಟವನ್ನು ಅರ್ಧಕ್ಕೆ ಇಳಿಸಿದ್ದು

ನಾನು ವಿದ್ಯುತ್ ಕಂಪನಿಯ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಆಗಿ ಹೋದಾಗ ಸಬ್‌ಡಿವಿಷನ್‌ನ ನಷ್ಟ, ಅಂದರೆ ಕಳಿಸಿದ ವಿದ್ಯುತ್ತಿನಲ್ಲಿ ಲೆಕ್ಕಕ್ಕೆ ಸಿಗದೆ ಸೋರಿಹೋಗುವ ಪಾಲು, ಶೇ 30ರ ಆಸುಪಾಸಿನಲ್ಲಿತ್ತು. ವರ್ಗವಾಗಿ ಬರುವಾಗ 15ಕ್ಕಿಂತ ಸ್ವಲ್ಪ ಕೆಳಗೆ. ‘ಹಳ್ಳಿ ಫೀಡರ್‌ನಲ್ಲಿ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಇದು ಆಗುವ ಮಾತಲ್ಲ, ಲೆಕ್ಕದಲ್ಲೇ ಏನೋ ಕೈಚಳಕ’ ಎಂದವರು ಇಲಾಖೆಯಲ್ಲಿ ಬಹಳ ಜನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

1999ರ ಕಾಯ್ದೆಯಿಂದ ವಿದ್ಯುತ್ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಬಂತು, 2002ರಲ್ಲಿ ವಿತರಣೆ ಎಸ್ಕಾಂಗಳಿಗೆ, ಅಂದರೆ ಪ್ರಾದೇಶಿಕ ವಿತರಣಾ ಕಂಪನಿಗಳಿಗೆ ಹೋಯಿತು. ಆದರೆ ಐಪಿ ಸೆಟ್‌ಗೆ (ನೀರಾವರಿ ಪಂಪ್‌ಸೆಟ್‌ಗೆ) ಮೀಟರ್ ಇಲ್ಲದ ಕಡೆ ನಷ್ಟ ಎಲ್ಲಿದೆಯೆಂದು ಯಾವ ಕಂಪನಿಗೂ ಗೊತ್ತಾಗದು. ಬಿಲ್ ಆಗದ ಯೂನಿಟ್‌ಗಳನ್ನೆಲ್ಲ ಪಂಪ್‌ಸೆಟ್ ಖಾತೆಗೆ ಬರೆದರೆ ಕಳ್ಳತನವೂ ನಿಂತ ಮೀಟರೂ ಅದರೊಳಗೆ ಅಡಗುತ್ತವೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನ್‌ನಿಂದ ಪಂಪ್‌ಸೆಟ್ ಫೀಡರ್ ಬೇರೆಯಾದ ಮೇಲೆಯೇ ಊರಿನ ಫೀಡರ್‌ನ ನಿಜಬಣ್ಣ ಕಂಡದ್ದು.

ಮೊದಲು ವಿಜಿಲೆನ್ಸ್ ದಾಳಿ ಮಾಡಿಸಿದೆವು. ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್‌ನಡಿ ವಿದ್ಯುತ್ ಕಳ್ಳತನದ ಕೇಸು, ದಂಡ, ಗಲಾಟೆ ಎಲ್ಲ ಆಯಿತು. ಎರಡು ತಿಂಗಳಲ್ಲಿ ಕಳ್ಳತನದ ಕೊಕ್ಕೆಗಳು ಮತ್ತೆ ಲೈನ್ ಏರಿದ್ದವು. ಆಮೇಲೆ ಒಂದು ಸೆಕ್ಷನ್ ಕಚೇರಿ ವ್ಯಾಪ್ತಿಯ ನಿಂತ ಮೀಟರ್‌ಗಳನ್ನೆಲ್ಲ ಬದಲಿಸಿದೆವು. ಹತ್ತಿರ ಹತ್ತಿರ 40 ಲಕ್ಷ ರೂಪಾಯಿ ಖರ್ಚು, ನಷ್ಟ ಇಳಿದದ್ದು ಒಂದೋ ಎರಡೋ ಶೇಕಡಾ ಅಂಶ. ಕಾರಣ ಆಮೇಲೆ ತಿಳಿಯಿತು: ಹತ್ತರಲ್ಲಿ ಎರಡು ಆರ್‌ಆರ್ ನಂಬರ್ (ಗ್ರಾಹಕರ ಸಂಪರ್ಕ ಸಂಖ್ಯೆ) ಬೇರೆ ಯಾವುದೋ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರ್‌ನ, ಪಟ್ಟಿಯಲ್ಲಿದ್ದವು. ಹೀಗಿದ್ದರೆ ಟಿಸಿಗೆ ಹೋದ ಯೂನಿಟ್‌ಗೂ ಬಿಲ್ ಆದ ಯೂನಿಟ್‌ಗೂ ತಾಳೆ ನೋಡುವ ಆಡಿಟ್ ಮಾಡಿ ಏನು ಫಲ?

ಲೈನ್‌ಮನ್‌ಗಳು ಕಂಬದಿಂದ ಕಂಬಕ್ಕೆ ನಡೆದು ಯಾವ ಮನೆ ಯಾವ ಟಿಸಿಗೆ ಸೇರಿದ್ದೆಂಬ ಟ್ಯಾಗಿಂಗ್ ಸರಿಪಡಿಸಿದರು. ಒಬ್ಬೊಬ್ಬನಿಗೂ ಅವನದೇ ಟಿಸಿಗಳು. ಟಿಸಿ ಮೀಟರ್‌ನ ರೀಡಿಂಗೂ ಅದರ ಮನೆಗಳ ರೀಡಿಂಗೂ ಒಂದೇ ದಿನ. ಈ ಒಂದು ಹಟ ನಾನು ಬಿಡಲಿಲ್ಲ. ಲೆಕ್ಕ ಕೂಡಿದಾಗ ನಷ್ಟದ ಬಹುಪಾಲು ಕೆಲವೇ ಟಿಸಿಗಳಲ್ಲಿತ್ತು, ಅದೂ ಬಡವರ ಮನೆಗಳಲ್ಲಿ ಅಲ್ಲ. ಒಂದು ಮಿಲ್‌ನ ಸಿಟಿ ಮೀಟರ್‌ಗೆ (ಹೆಚ್ಚಿನ ಕರೆಂಟನ್ನು ಇಳಿಸಿ ಅಳೆಯುವ ಮೀಟರ್) ಬಿಲ್ಲಿಂಗ್‌ನಲ್ಲಿ ರೀಡಿಂಗನ್ನು ಗುಣಿಸುವ ಗುಣಕವೇ ತಪ್ಪಾಗಿ ಬಿದ್ದಿತ್ತು. ಅದೊಂದರಿಂದಲೇ ಆರೇಳು ಲಕ್ಷ ರೂಪಾಯಿ ಬ್ಯಾಕ್ ಬಿಲ್ (ಹಿಂದಿನ ಬಳಕೆಯ ಬಿಲ್) ಆಯಿತು. ಯಾವ ಟಿಸಿಯನ್ನು ಮೊದಲು ಹಿಡಿಯಬೇಕು ಎಂಬುದಕ್ಕೆ ನನ್ನದೇ ಒಂದು ಸೂತ್ರವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಇದರ ನಡುವೆ ಪಂಪ್‌ಸೆಟ್ ಫೀಡರ್‌ನಲ್ಲೂ ಒಂದು ಪ್ರಯೋಗ ಮಾಡಿದೆ. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್‌ಗಳಿಂದ ಎಲ್ಲ ಮೋಟರ್‌ಗಳೂ ಒಟ್ಟಿಗೆ ಎದ್ದು ಟಿಸಿ ಸುಡುತ್ತಿತ್ತು. ಒಂದು ಟಿಸಿಯ ರೈತರನ್ನು ಕೂರಿಸಿಕೊಂಡು ಮಾತಾಡಿ ಆಟೋ ಸ್ಟಾರ್ಟರ್ ತೆಗೆಸಿದೆ, ಕೆಪಾಸಿಟರ್ ಹಾಕಿಸಿದೆ. ಆ ಬೇಸಿಗೆ ಅದು ಸುಡಲಿಲ್ಲ. ಆಮೇಲೆ ಪಕ್ಕದ ಟಿಸಿಯವರೇ ಬಂದು ‘ನಮಗೂ ಮಾಡಿಸಿಕೊಡಿ ಸಾರ್’ ಎಂದರು.

ಬಿಲ್ ವಸೂಲಿಯಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಗಳು (ಊರಲ್ಲೇ ಮೀಟರ್ ಓದಿ ಬಿಲ್ ಹಣ ಸಂಗ್ರಹಿಸುವವರು) ಚೆನ್ನಾಗಿ ದುಡಿದರು. ಮನೆ ಬಾಕಿ ಬಹುಪಾಲು ಬಂತು. ಪಂಚಾಯಿತಿಗಳ ಬೀದಿ ದೀಪ, ಕುಡಿಯುವ ನೀರಿನ ಬಾಕಿ ಮಾತ್ರ ಕೋಟಿ ದಾಟಿ ನಿಂತಿತ್ತು. ಅದು ಸಬ್‌ಡಿವಿಷನ್ ಮಟ್ಟದಲ್ಲಿ ತೀರುವಂಥದ್ದಲ್ಲ, ಸರ್ಕಾರವೇ ಅನುದಾನದಲ್ಲಿ ಹಿಡಿದು ನೇರವಾಗಿ ಕಂಪನಿಗೆ ಕಟ್ಟಬೇಕು.