ಕ್ರೆಡಿಟ್ ಕಾರ್ಡ್ ಇಲ್ಲದ ಸಂಸಾರದ ಲೆಕ್ಕ

ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇಲ್ಲ. ನಮ್ಮ ಮನೆಯವರ ಹತ್ತಿರವೂ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಂಗಳೂರಿನ ವಿಜಯನಗರದಲ್ಲಿ ಮನೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಮಾವ. ಇದನ್ನು ಕೇಳಿದರೆ ಆಫೀಸಿನ ಹುಡುಗರು ‘ಅದು ಹೇಗೆ ಮೇಡಂ ನಡೆಯುತ್ತೆ?’ ಅಂತಾರೆ. ನಮ್ಮಮ್ಮನ ವಯಸ್ಸಿನವರು ‘ಅದರಲ್ಲೇನು ದೊಡ್ಡ ವಿಷಯ?’ ಅಂತಾರೆ. ನನ್ನ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ನಡೆಯುತ್ತದೆ, ಆದರೆ ಸುಮ್ನೆ ನಡೆಯುವುದಿಲ್ಲ.

ದಿನದ ಖರ್ಚಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯಿತು, ಆಮೇಲೆ ಊರೆಲ್ಲ ಕ್ಯೂಆರ್ ಕೋಡ್ ಆಯಿತು. ಸೊಪ್ಪಿನವರಿಂದ ಹಿಡಿದು ಬಿಎಂಟಿಸಿ ಬಸ್ಸಿನವರೆಗೆ ಫೋನಿನಲ್ಲೇ ಕೊಡಬಹುದು. ಮೆಟ್ರೊ ಟಿಕೆಟ್ ವಾಟ್ಸಾಪ್‌ನಲ್ಲೇ ಸಿಗುತ್ತದೆ. 2020ರ ಜನವರಿಯಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಅಂಗಡಿಯವರು ಬ್ಯಾಂಕಿಗೆ ಶುಲ್ಕ ಕಟ್ಟಬೇಕಿಲ್ಲ. ಕ್ರೆಡಿಟ್ ಕಾರ್ಡಿಗೆ ಕಟ್ಟಬೇಕು. ಅದಕ್ಕೇ ಎಸ್.ಪಿ. ರಸ್ತೆಯಲ್ಲಿ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯವರು ಮೊದಲು ಕೇಳಿದ್ದೇ ‘ಕ್ರೆಡಿಟ್ ಕಾರ್ಡಾ ಮೇಡಂ? ಹಾಗಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ’ ಅಂತ.

ಹಾಗಂತ ಫೋನನ್ನೇ ಪೂರ್ತಿ ನಂಬಿ ಹೊರಡುವುದಿಲ್ಲ. 2025ರ ಮಾರ್ಚ್ 26ಕ್ಕೆ, ಮತ್ತೆ ಏಪ್ರಿಲ್ 12ಕ್ಕೆ ಯುಪಿಐ ದೇಶದ ತುಂಬ ಕೈಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ, ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕಿತ್ತುಹಾಕಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದರು. ಆಗ ಕ್ರೆಡಿಟ್ ಕಾರ್ಡ್ ಇದ್ದವರೂ ಅಲ್ಲಿ ಚಿಲ್ಲರೆಗೇ ತಡಕಾಡಬೇಕಾಯಿತು. ನನ್ನ ಪರ್ಸಿನ ಒಳಜೇಬಿನಲ್ಲಿ ನೂರರ, ಐವತ್ತರ ನೋಟು ಸ್ವಲ್ಪ ಯಾವಾಗಲೂ ಇರುತ್ತವೆ.

ನಿಜವಾದ ಪ್ರಶ್ನೆ ದುಡ್ಡು ಹೇಗೆ ಕೊಡುವುದು ಅನ್ನುವುದಲ್ಲ. ಕ್ರೆಡಿಟ್ ಕಾರ್ಡ್ ಬೇರೆ ಮೂರು ಅನುಕೂಲ ಮಾಡಿಕೊಡುತ್ತದೆ. ಇವತ್ತು ಕೊಂಡದ್ದಕ್ಕೆ ನಲವತ್ತೈದು, ಐವತ್ತು ದಿನದವರೆಗೆ ಗಡುವು ಕೊಡುತ್ತದೆ. ನಡುರಾತ್ರಿ ಆಪತ್ತು ಬಂದರೆ ಕೈಯಲ್ಲಿ ಇಲ್ಲದ ದುಡ್ಡು ಒದಗಿಸುತ್ತದೆ. ಯಾರಾದರೂ ಮೋಸ ಮಾಡಿದರೆ ಪೆಟ್ಟು ಮೊದಲು ಬ್ಯಾಂಕಿನ ದುಡ್ಡಿಗೆ ಬೀಳುತ್ತದೆ, ನಮ್ಮ ಸಂಬಳಕ್ಕಲ್ಲ. ಕಾರ್ಡ್ ಬೇಡ ಅನ್ನುವವರು ಈ ಮೂರನ್ನೂ ತಾವೇ ಮೊದಲೇ ಮಾಡಿಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ಹಣದ ವಿಷಯಕ್ಕೆ ಮಾಡಿಕೊಂಡ ಏರ್ಪಾಡೆಲ್ಲ ಇಷ್ಟರಲ್ಲೇ ಬರುತ್ತದೆ.

ಕೊನೆಯದ್ದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಜನ ಇದನ್ನೇ ಮರೆಯುತ್ತಾರೆ. ಸಂಬಳ ಬರುವ ಖಾತೆಯ ಡೆಬಿಟ್ ಕಾರ್ಡನ್ನೂ ಯುಪಿಐಯನ್ನೂ ನಾನು ಎಲ್ಲಿಯೂ ಬಳಸುವುದಿಲ್ಲ. ಖರ್ಚಿಗೆ ಅಂತಲೇ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ಇದೆ. ತಿಂಗಳ ಶುರುವಿನಲ್ಲಿ ಅದಕ್ಕೆ ಇಂತಿಷ್ಟು ಅಂತ ತಾನಾಗಿ ಹೋಗುವ ಹಾಗೆ ಹಾಕಿಟ್ಟಿದ್ದೇನೆ. ಫೋನಿನ ಯುಪಿಐಗೆ ಜೋಡಿಸಿರುವುದು ಅದೊಂದೇ. ಯಾವ ಕ್ಯೂಆರ್ ಸ್ಕ್ಯಾನ್ ಮಾಡಿದರೂ, ಯಾವ ವೆಬ್‌ಸೈಟಿನಲ್ಲಿ ಕಾರ್ಡ್ ಕೊಟ್ಟರೂ ಹೋದರೆ ಆ ತಿಂಗಳ ಖರ್ಚಿನ ದುಡ್ಡು ಹೋದೀತು, ಅಷ್ಟೇ. ಟೀ, ತರಕಾರಿ, ಆಟೋ ಇಂಥ ಸಣ್ಣಪುಟ್ಟದ್ದಕ್ಕೆ, ಸ್ವಲ್ಪ ದುಡ್ಡು ಮೊದಲೇ ತುಂಬಿಟ್ಟುಕೊಳ್ಳುವ ಯುಪಿಐ ಲೈಟ್. ಇದರಿಂದ ಪಾಸ್‌ಬುಕ್ಕಿನಲ್ಲಿ ಹತ್ತು ರೂಪಾಯಿಯ ಸಾಲುಗಳು ತುಂಬುವುದಿಲ್ಲ, ತಿಂಗಳ ಕೊನೆಗೆ ದೊಡ್ಡ ಖರ್ಚು ಕಣ್ಣಿಗೆ ಬೀಳುತ್ತದೆ.

ಡೆಬಿಟ್ ಕಾರ್ಡಿಗೂ ಬೀಗ ಇದೆ, ಹಾಕುವವರು ಕಡಿಮೆ. 2020ರಿಂದ ಹೊಸ ಕಾರ್ಡ್ ಬಂದಾಗ ಆನ್‌ಲೈನ್ ಬಳಕೆ, ವಿದೇಶದ ಬಳಕೆ ಎರಡೂ ಬಂದ್ ಆಗಿಯೇ ಬರುತ್ತವೆ. ಬೇಕಾದರೆ ನಾವೇ ಆನ್ ಮಾಡಿಕೊಳ್ಳಬೇಕು. ನಾನು ಬೇಕಾದಾಗ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡುತ್ತೇನೆ. ನಮ್ಮ ಮನೆಯವರಿಗೆ ಇದು ಅತಿ ಅನ್ನಿಸುತ್ತದೆ. ಇರಲಿ. ಇನ್ನೊಂದು: ನಮ್ಮ ತಪ್ಪಿಲ್ಲದೆ ಹೊರಗಿನವರು ದುಡ್ಡು ಎಳೆದರೆ, ಬ್ಯಾಂಕಿನಿಂದ ಮೆಸೇಜ್ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಡೆಬಿಟ್ ಕಾರ್ಡಿಗೂ ಅದು ಅನ್ವಯ. ಆದರೆ ಓಟಿಪಿಯನ್ನು ನಾವೇ ಓದಿ ಹೇಳಿದ್ದರೆ ಆ ಮಾತು ನಡೆಯುವುದಿಲ್ಲ. ಮೋಸ ಆಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಆಮೇಲೆ ಬೇಜಾರು ಮಾಡಿಕೊಳ್ಳಬಹುದು.

ಇನ್ನು ಆಪತ್ತಿನ ದುಡ್ಡು. ಒಂದು ರಾತ್ರಿ ಮಾವನವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಳಗೆ ಇಸಿಜಿ ನಡೆಯುತ್ತಿರುವಾಗಲೇ ಕೌಂಟರಿನಲ್ಲಿ ‘ಐವತ್ತು ಸಾವಿರ ಡೆಪಾಸಿಟ್ ಕಟ್ಟಿಬಿಡಿ ಮೇಡಂ, ಇನ್ಶೂರೆನ್ಸ್ ಅಪ್ರೂವಲ್ ಬಂದ ಮೇಲೆ ಹೊಂದಿಸ್ತೀವಿ’ ಅಂದರು. ಕ್ಯಾಶ್‌ಲೆಸ್ ಕೋರಿಕೆಗೆ, ಅಂದರೆ ಬಿಲ್ಲನ್ನು ನೇರವಾಗಿ ನೀವೇ ಕಟ್ಟಿ ಅನ್ನುವ ಕೋರಿಕೆಗೆ, ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಆದರೆ ಆ ಕೋರಿಕೆಯನ್ನು ಮೊದಲು ಆಸ್ಪತ್ರೆಯವರು ಕಳಿಸಬೇಕಲ್ಲ. ಆ ಹೊತ್ತಿನಲ್ಲಿ ವಾದ ಮಾಡುತ್ತಾ ನಿಲ್ಲುವುದಕ್ಕೆ ಆಗುವುದಿಲ್ಲ.

ಕಾರ್ಡ್ ಇದ್ದವರು ಅಲ್ಲಿ ಉಜ್ಜಿ ಮುಗಿಸುತ್ತಾರೆ. ನಾನು ಒಂದು ಎಫ್‌ಡಿ ಮುರಿದೆ, ಅಲ್ಲೇ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ. ದೊಡ್ಡದೊಂದು ಎಫ್‌ಡಿ ಇಡುವ ಬದಲು ಐವತ್ತೈವತ್ತು ಸಾವಿರದ ಎಫ್‌ಡಿಗಳನ್ನು ಇಟ್ಟಿರುವುದು ಇದಕ್ಕೇ. ಒಂದನ್ನು ಮುರಿದರೆ ಉಳಿದವುಗಳ ಬಡ್ಡಿಗೆ ಏನೂ ಆಗುವುದಿಲ್ಲ. ಎಫ್‌ಡಿ ಇಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿದ್ದೆ, ‘ರಾತ್ರಿ ಹೊತ್ತು, ಭಾನುವಾರ, ಆನ್‌ಲೈನಿನಲ್ಲಿ ಮುರಿಯೋಕೆ ಆಗುತ್ತಾ?’ ಅಂತ. ಎಲ್ಲ ಬ್ಯಾಂಕಿನಲ್ಲೂ ಆಗುವುದಿಲ್ಲ. ಅಂಚೆ ಕಚೇರಿಯ ಪಾಸ್‌ಬುಕ್ಕನ್ನೋ, ಲಾಕರಿನಲ್ಲಿರುವ ಚಿನ್ನವನ್ನೋ ನಂಬಿಕೊಂಡರೆ ಬೆಳಗಾಗುವವರೆಗೆ ಕಾಯಬೇಕು. ಇನ್ನೊಂದು ಸಂಗತಿ ಮಿತಿಯದು. ಯುಪಿಐಯಲ್ಲಿ ಸಾಮಾನ್ಯವಾಗಿ ಒಂದು ಲಕ್ಷದವರೆಗೆ ಹೋಗುತ್ತದೆ. ಆಸ್ಪತ್ರೆ, ಶಾಲೆ ಕಾಲೇಜುಗಳಿಗೆ ಅದನ್ನು 5 ಲಕ್ಷಕ್ಕೆ ಏರಿಸಿದ್ದಾರೆ. ಆದರೆ ನಮ್ಮ ಬ್ಯಾಂಕೇ ಅದಕ್ಕಿಂತ ಕಡಿಮೆ ಮಿತಿ ಇಟ್ಟಿರಬಹುದು. ನೆಮ್ಮದಿಯಾಗಿ ಕೂತಿರುವ ದಿನವೇ ಇದನ್ನು ನೋಡಿಟ್ಟುಕೊಳ್ಳಬೇಕು. ಮಾವ ಸ್ಟೆಂಟ್ ಹಾಕಿಸಿಕೊಂಡು ಈಗ ದಿನಾ ವಾಕಿಂಗ್ ಹೋಗುತ್ತಾರೆ.

ಹೀಗೆ ಎಫ್‌ಡಿ ಕೂಡಿಸುವುದಕ್ಕೆ ನಮಗೆ ವರ್ಷಗಳೇ ಹಿಡಿದವು ಅನ್ನುವುದನ್ನು ಮುಚ್ಚಿಡಬಾರದು. ಸಂಬಳ ಬಾಡಿಗೆಗೂ ಫೀಸಿಗೂ ಸರಿಹೋಗುವ ಮನೆಯಲ್ಲಿ ‘ಕಾರ್ಡ್ ಬೇಡಪ್ಪ, ಎಫ್‌ಡಿ ಇಡು’ ಅನ್ನುವುದು ಉಪದೇಶ ಅಷ್ಟೇ. ಆದರೆ ಅಂಥ ಮನೆಗೇ ಕಾರ್ಡ್ ಜಾಸ್ತಿ ಸುಡುತ್ತದೆ ಅನ್ನುವುದೂ ನಿಜ. ಲೆಕ್ಕ ನೋಡಿ. 40,000 ರೂಪಾಯಿ ಬಿಲ್ ಬಂತು, ‘ಮಿನಿಮಮ್ ಡ್ಯೂ’ ಅಂತ 5 ಪರ್ಸೆಂಟ್, ಅಂದರೆ 2,000 ಕಟ್ಟಿದಿರಿ. ಉಳಿದ 38,000ಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂದರೂ 1,330. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 240. ಮುಂದಿನ ತಿಂಗಳು ಮತ್ತೆ 2,000 ಕಟ್ಟಿದರೆ ಅದರಲ್ಲಿ 1,570 ಅಸಲನ್ನು ಮುಟ್ಟುವುದೇ ಇಲ್ಲ. ಸಾಲದ್ದಕ್ಕೆ, ಬಾಕಿ ತೀರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಗಡುವು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಒಡವೆ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದರೂ ಬಡ್ಡಿ ಇದರ ಅರ್ಧಕ್ಕಿಂತ ಕಡಿಮೆ.

ಗಡುವು ಬೇಕು ಅನ್ನುವುದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ದಾರಿ ಇತ್ತು. ‘ಇಂದು ನಗದು ನಾಳೆ ಉದ್ರಿ’ ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲೂ ಗುರುತಿನವರಿಗೆ ಬರೆದುಕೊಂಡು ಕೊಡುತ್ತಿದ್ದರು. ಈಗಲೂ ನಮ್ಮ ಹಾಲಿನವರು, ಇಸ್ತ್ರಿಯವರು ತಿಂಗಳಿಗೊಮ್ಮೆಯೇ ದುಡ್ಡು ತೆಗೆದುಕೊಳ್ಳುವುದು. ಫ್ರಿಜ್, ವಾಷಿಂಗ್ ಮಷಿನ್ ಥರದ ದೊಡ್ಡ ಸಾಮಾನಿಗೆ ನಾನು ಚೀಟಿ ಹಾಕುತ್ತೇನೆ. ಬೀದಿಯ ಚೀಟಿ ಅಲ್ಲ, ಅದರಲ್ಲಿ ಓಡಿಹೋದವರ ಕಥೆ ಸಾಕಷ್ಟು ಕೇಳಿದ್ದೇನೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ನಡೆಸುವ ನೋಂದಾಯಿತ ಚೀಟಿ. ಅರ್ಜೆಂಟ್ ಇದ್ದರೆ ಹರಾಜಿನಲ್ಲಿ ಕಳೆದು ಕೂಗಿ, ಅಂದರೆ ಒಟ್ಟು ಮೊತ್ತದಲ್ಲಿ ಇಷ್ಟು ಬಿಟ್ಟುಕೊಡುತ್ತೇನೆ ಅಂತ ಹೇಳಿ, ಬೇಗ ಎತ್ತಬಹುದು. ಇಲ್ಲದಿದ್ದರೆ ಕೊನೆಯವರೆಗೆ ಬಿಟ್ಟು, ಬೇರೆಯವರು ಹಾಗೆ ಬಿಟ್ಟುಕೊಟ್ಟದ್ದರಲ್ಲಿ ನಮ್ಮ ಪಾಲಿನ ಡಿವಿಡೆಂಡ್ ತೆಗೆದುಕೊಳ್ಳಬಹುದು. ಎತ್ತುವಾಗ ಜಾಮೀನು ಕೇಳುತ್ತಾರೆ, ಓಡಾಟ ಇದೆ.

ಸಿಬಿಲ್ ಸ್ಕೋರ್, ಅಂದರೆ ನಾವು ಸಾಲ ತೀರಿಸಿದ ರೀತಿ ನೋಡಿ ಕೊಡುವ ಅಂಕ, ಅದರ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕಂಪ್ಯೂಟರ್ ನೋಡುತ್ತಾ ‘ಒಂದೂ ಕಾರ್ಡ್ ಇಲ್ವಾ ಮೇಡಂ?’ ಅಂತ ಎರಡು ಸಲ ಕೇಳಿದರು. ಸ್ಕೂಟರ್ ಸಾಲ, ಚಿನ್ನದ ಸಾಲ ಸರಿಯಾಗಿ ತೀರಿಸಿದ ದಾಖಲೆ ಇತ್ತು, ಅದು ಸಾಕಾಯಿತು. ಯಾವ ಸಾಲವನ್ನೂ ಮಾಡದವರ ವರದಿಯಲ್ಲಿ ಸ್ಕೋರೇ ಇರುವುದಿಲ್ಲ. ಅದು ಕೆಟ್ಟ ಸ್ಕೋರ್ ಅಲ್ಲ, ಆದರೆ ಬ್ಯಾಂಕಿನವರ ಪ್ರಶ್ನೆ ಜಾಸ್ತಿಯಾಗುತ್ತವೆ. ವರ್ಷಕ್ಕೊಂದು ವರದಿ ಪುಕ್ಕಟೆ ಸಿಗುತ್ತದೆ, ಸಾಲಕ್ಕೆ ಹೋಗುವ ಮೊದಲು ತೆಗೆದು ನೋಡಿ.

ಕಾರ್ಡ್ ಇಲ್ಲದೆ ನಿಜವಾಗಿ ಕಷ್ಟಪಟ್ಟದ್ದು ದೇಶದ ಹೊರಗೆ. ಸಿಂಗಾಪುರಕ್ಕೆ ಹೋದಾಗ ಹೋಟೆಲಿನವರು ಕೊಠಡಿ ಬಾಡಿಗೆಯ ಜೊತೆ ಡೆಪಾಸಿಟ್ ಅಂತ ಒಂದು ಮೊತ್ತವನ್ನು ನನ್ನ ಡೆಬಿಟ್ ಕಾರ್ಡಿನಲ್ಲಿ ಹಿಡಿದಿಟ್ಟರು. ಕ್ರೆಡಿಟ್ ಕಾರ್ಡಾದರೆ ಮಿತಿಯಲ್ಲಿ ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೇ. ನನ್ನದು ನಿಜವಾದ ದುಡ್ಡು. ಊರಿಗೆ ಬಂದ ಮೇಲೂ ಬಹಳ ದಿನ ಆ ದುಡ್ಡು ವಾಪಸ್ ಬರಲಿಲ್ಲ. ಈಗ ಹೊರಗೆ ಹೋಗುವುದಾದರೆ, ಆ ದೇಶದ ದುಡ್ಡನ್ನು ಮೊದಲೇ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಜೊತೆಗೆ ಡೆಪಾಸಿಟ್ಟಿಗೆ ಅಂತಲೇ ಬೇರೆ ದುಡ್ಡು ಇಟ್ಟುಕೊಳ್ಳುತ್ತೇನೆ. ಕಾರ್ ಬಾಡಿಗೆಗೆ ಪಡೆಯಬೇಕಾದರೆ ಅನೇಕ ಕಡೆ ಇದೂ ನಡೆಯುವುದಿಲ್ಲ, ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಅಮೆರಿಕದಲ್ಲಿರುವ ನನ್ನ ತಮ್ಮ ‘ಅಕ್ಕಾ, ಇಲ್ಲಿ ನಿನ್ನ ಆಟ ನಡೆಯಲ್ಲ’ ಅಂತಾನೆ. ಅಲ್ಲಿ ಮನೆ ಬಾಡಿಗೆಗೆ ಹೋದರೂ ಕ್ರೆಡಿಟ್ ಇತಿಹಾಸ ನೋಡುತ್ತಾರಂತೆ. ಅವನು ಹೋದ ಹೊಸತರಲ್ಲಿ ಡೆಪಾಸಿಟ್ ಕಟ್ಟಿ ಒಂದು ಸಣ್ಣ ಕಾರ್ಡ್ ಮಾಡಿಸಿಕೊಂಡಿದ್ದ.

ನಷ್ಟ ಇನ್ನೊಂದಿದೆ. ದಸರಾ, ದೀಪಾವಳಿ ಸೇಲ್‌ಗಳಲ್ಲಿ ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ 10 ಪರ್ಸೆಂಟ್ ಕಡಿಮೆ ಅಂತ ಇರುತ್ತದಲ್ಲ, ಅದು ನಮಗೆ ಸಿಗುವುದಿಲ್ಲ. ಗೆಳತಿಯ ಕಾರ್ಡಿನಲ್ಲಿ ಕೊಂಡು ಅವಳಿಗೆ ದುಡ್ಡು ಹಾಕಬಹುದಿತ್ತು. ಮಿಕ್ಸಿಯ ನಾಲ್ಕು ನೂರು ರೂಪಾಯಿಗೆ ಇನ್ನೊಬ್ಬರ ಲೆಕ್ಕದಲ್ಲಿ ಕೂರುವುದು ನನಗೆ ಇಷ್ಟವಾಗಲಿಲ್ಲ.

ದೊಡ್ಡ ಮಗಳು ಈಗ ತಾನೇ ಕೆಲಸಕ್ಕೆ ಸೇರಿದ್ದಾಳೆ. ಮುಂದಿನ ವರ್ಷ ಕಂಪನಿಯವರು ಹೊರದೇಶಕ್ಕೆ ಕಳಿಸಬಹುದು, ‘ಅಮ್ಮಾ, ನಂಗೊಂದು ಕಾರ್ಡ್ ಬೇಕೇ ಬೇಕು’ ಅಂದಳು. ಬೇಡ ಅನ್ನಲಿಲ್ಲ. ಎಫ್‌ಡಿ ಮೇಲೆ ಕೊಡುವ ಕಾರ್ಡ್ ತೆಗೆದುಕೋ ಅಂದೆ. ಇಟ್ಟ ದುಡ್ಡಿನ ಮಟ್ಟಕ್ಕೇ ಅದರ ಮಿತಿ ನಿಲ್ಲುತ್ತದೆ. ಆಟೋ ಡೆಬಿಟ್ ಹಾಕುವಾಗ ‘ಮಿನಿಮಮ್ ಡ್ಯೂ’, ‘ಟೋಟಲ್ ಡ್ಯೂ’ ಅಂತ ಎರಡು ಆಯ್ಕೆ ಬಂದವು. ಎರಡನೆಯದನ್ನು ಒತ್ತಿ ನನಗೆ ಸ್ಕ್ರೀನ್ ತೋರಿಸಿದಳು.